ಸುಳಿವು ಕೊಟ್ಟವರ ಬಹುಮಾನ: ಪ್ರಕಟಣೆಯಿಂದ ಪಾವತಿಯವರೆಗೆ

2024ರ ಮಾರ್ಚ್ 1ರಂದು ಬೆಂಗಳೂರಿನ ರಾಮೇಶ್ವರಂ ಕೆಫೆಯಲ್ಲಿ ಬಾಂಬ್ ಸಿಡಿಯಿತು. ಮಾರ್ಚ್ 6ಕ್ಕೆ ರಾಷ್ಟ್ರೀಯ ತನಿಖಾ ದಳ, ಅಂದರೆ ಎನ್‌ಐಎ, ಟೋಪಿ ಮತ್ತು ಮಾಸ್ಕ್ ಧರಿಸಿದ ವ್ಯಕ್ತಿಯ ಚಿತ್ರ ಹಾಕಿ 10 ಲಕ್ಷ ರೂಪಾಯಿ ಬಹುಮಾನ ಪ್ರಕಟಿಸಿತು. ತಿಂಗಳ ಕೊನೆಗೆ ಇಬ್ಬರ ಹೆಸರು ಹೇಳಿ ತಲಾ 10 ಲಕ್ಷ ಎಂದಿತು. ಏಪ್ರಿಲ್ 12ರಂದು ಅವರಿಬ್ಬರೂ ಪಶ್ಚಿಮ ಬಂಗಾಳದಲ್ಲಿ ಸಿಕ್ಕಿಬಿದ್ದರು.

ಇಂಥ ಪ್ರಕಟಣೆಗಳಲ್ಲಿ ಮೊತ್ತ ಇರುತ್ತದೆ, ಫೋನ್ ನಂಬರು ಇರುತ್ತದೆ, ಮಾಹಿತಿ ನೀಡಿದವರ ಹೆಸರನ್ನು ಗುಟ್ಟಾಗಿ ಇಡುತ್ತೇವೆ ಎಂಬ ಭರವಸೆಯೂ ಇರುತ್ತದೆ. ಆ ನಂಬರಿಗೆ ಫೋನ್ ಮಾಡಿದ ಮೇಲೆ ಏನಾಗುತ್ತದೆ, ಹಣ ಯಾರ ಸಹಿಯಿಂದ, ಯಾವ ಆಧಾರದ ಮೇಲೆ ಬರುತ್ತದೆ ಎಂಬುದು ಮಾತ್ರ ಇರುವುದಿಲ್ಲ. ಸುಳಿವು ಕೊಟ್ಟವರ ಪರವಾಗಿ ಕಾಗದಪತ್ರ ನೋಡಿಕೊಳ್ಳುವ ವಕೀಲರು ನಾವು. ಆ ದಾರಿ ಹೇಗಿರುತ್ತದೆಂದು ಮೊದಲಿನಿಂದ ಕೊನೆಯವರೆಗೆ ಇಲ್ಲಿ ಬರೆದಿದ್ದೇವೆ. ಉದ್ದಕ್ಕೂ ಎರಡು ಕೆಲಸ ಜೊತೆಯಾಗಿ ಸಾಗಬೇಕು. ಹೆಸರು ಹೊರಗೆ ಬೀಳಬಾರದು, ಸುಳಿವು ಕೊಟ್ಟವರು ಇವರೇ ಎಂಬುದಕ್ಕೆ ದಾಖಲೆಯೂ ಇರಬೇಕು. ಒಂದನ್ನು ಬಿಗಿ ಮಾಡಿದರೆ ಇನ್ನೊಂದು ಸಡಿಲವಾಗುತ್ತದೆ. ಬಹುಮಾನ ಕೈತಪ್ಪಿದ ಕಡತಗಳನ್ನು ತೆರೆದು ನೋಡಿದರೆ ಬಹುತೇಕ ಎಲ್ಲವೂ ಇಲ್ಲೇ ಎಡವಿರುತ್ತವೆ.

ಮೊದಲ ಕೆಲಸ ಪ್ರಕಟಣೆಯನ್ನು ಅಕ್ಷರ ಬಿಡದೆ ಓದುವುದು. ‘ಬಂಧನಕ್ಕೆ ಕಾರಣವಾಗುವ ಮಾಹಿತಿಗೆ’ ಎಂದಿದ್ದರೆ ಬಂಧನವಾದ ದಿನವೇ ಷರತ್ತು ಪೂರೈಸಿತು. ‘ಬಂಧನ ಮತ್ತು ಶಿಕ್ಷೆಗೆ ಕಾರಣವಾಗುವ’ ಎಂದಿದ್ದರೆ ತೀರ್ಪಿನವರೆಗೆ ಕಾಯಬೇಕು. ಈ ಕಾಯುವಿಕೆ ಸಣ್ಣದಲ್ಲ. ಗೌರಿ ಲಂಕೇಶ್ ಹತ್ಯೆಯಾದದ್ದು 2017ರ ಸೆಪ್ಟೆಂಬರ್ 5ರಂದು. ಅದೇ ವಾರ ರಾಜ್ಯ ಸರ್ಕಾರ ಸುಳಿವಿಗೆ 10 ಲಕ್ಷ ಪ್ರಕಟಿಸಿತು. ನ್ಯಾಯಾಲಯದಲ್ಲಿ ಸಾಕ್ಷಿ ವಿಚಾರಣೆ ಶುರುವಾದದ್ದು 2022ರಲ್ಲಿ. ‘ಶಿಕ್ಷೆ’ ಎಂಬ ಒಂದು ಪದ ಸೇರಿದರೆ ಸುಳಿವು ಕೊಟ್ಟವರು ಎಷ್ಟು ವರ್ಷ ಕಾಯಬೇಕಾದೀತು ಎಂಬುದನ್ನು ಇದರಿಂದಲೇ ಊಹಿಸಬಹುದು. ‘ವರೆಗೆ’ ಎಂಬ ಪದವನ್ನೂ ಗಮನಿಸಿ. ‘5 ಲಕ್ಷದವರೆಗೆ’ ಎಂದರೆ 5 ಲಕ್ಷ ಗರಿಷ್ಠ ಮಿತಿ, ಅದರೊಳಗೆ ಎಷ್ಟು ಎಂಬುದು ಅಧಿಕಾರಿಯ ವಿವೇಚನೆ. ಮೊತ್ತ ಇಡೀ ಪ್ರಕರಣಕ್ಕೋ ತಲೆಗೆ ಇಷ್ಟೆಂದೋ ಎಂಬುದೂ ಮುಖ್ಯ. ಬೆಳ್ಳಾರೆಯ ಪ್ರವೀಣ್ ನೆಟ್ಟಾರು ಕೊಲೆ ಪ್ರಕರಣದಲ್ಲಿ ಎನ್‌ಐಎ 2022ರ ನವೆಂಬರ್‌ನಲ್ಲಿ ತಲೆಮರೆಸಿಕೊಂಡಿದ್ದ ನಾಲ್ವರ ಪೈಕಿ ಇಬ್ಬರಿಗೆ ತಲಾ 5 ಲಕ್ಷ, ಇನ್ನಿಬ್ಬರಿಗೆ ತಲಾ 2 ಲಕ್ಷ ಎಂದು ಬಿಡಿಬಿಡಿಯಾಗಿ ಪ್ರಕಟಿಸಿತ್ತು. ಹಾಗಿದ್ದಾಗ ಯಾರ ಬಗ್ಗೆ ಸುಳಿವು ಕೊಟ್ಟಿರಿ ಎಂಬುದೇ ಮೊತ್ತವನ್ನು ನಿರ್ಧರಿಸುತ್ತದೆ.

ಪ್ರಕಟಿಸಿದವರು ಯಾರು ಎಂಬುದನ್ನೂ ನೋಡಬೇಕು. ಸರ್ಕಾರಿ ಆದೇಶ ಇದ್ದರೆ ಅದರ ಸಂಖ್ಯೆ ಮತ್ತು ದಿನಾಂಕ ಬರೆದಿಟ್ಟುಕೊಳ್ಳಿ. ಮಂತ್ರಿಗಳು ಸುದ್ದಿಗೋಷ್ಠಿಯಲ್ಲಿ ಹೇಳಿದ್ದಷ್ಟೇ ಇದ್ದರೆ, ಅದರ ಹಿಂದೆ ಆದೇಶ ಹೊರಟಿದೆಯೇ ಎಂದು ವಿಚಾರಿಸಬೇಕು. ಆದೇಶವಿಲ್ಲದ ಮಾತಿಗೆ ಖಜಾನೆಯಿಂದ ಹಣ ಹೊರಡುವುದಿಲ್ಲ. ಪೋಸ್ಟರಿನ ಫೋಟೊ, ವೆಬ್‌ಸೈಟಿನ ಸ್ಕ್ರೀನ್‌ಶಾಟ್, ಪತ್ರಿಕೆಯ ತುಣುಕು ಮೂರನ್ನೂ ದಿನಾಂಕ ಕಾಣುವಂತೆ ಇಟ್ಟುಕೊಳ್ಳಿ. ಬಂಧನವಾದೊಡನೆ ವೆಬ್‌ಸೈಟಿನ ಪುಟ ಕಣ್ಮರೆಯಾಗಬಹುದು, ಗೋಡೆಯ ಪೋಸ್ಟರ್ ಮಳೆಗೆ ಹೋಗುತ್ತದೆ. ಮೃತರ ಕುಟುಂಬವೋ ಊರಿನ ಸಂಘವೋ ಪ್ರಕಟಿಸಿದ ಖಾಸಗಿ ಬಹುಮಾನ ಬೇರೆಯೇ ಬಾಬತ್ತು. ಅದನ್ನು ಪೊಲೀಸರು ಕೊಡಿಸುವುದಿಲ್ಲ. ಇನ್ನು ಯಾರದೋ ತಲೆ ತಂದವರಿಗೆ ಇಷ್ಟು ಎಂದು ವೇದಿಕೆ ಮೇಲೆ ಕೂಗುವುದು ಬಹುಮಾನವೇ ಅಲ್ಲ. ಅದು ಕೊಲೆಗೆ ಕುಮ್ಮಕ್ಕು. ಅದರಿಂದ ಯಾವ ಹಕ್ಕೂ ಹುಟ್ಟುವುದಿಲ್ಲ.

ಇಲಾಖೆ ತನ್ನ ಸಿಬ್ಬಂದಿಗೆ ಕೊಡುವ ಬಹುಮಾನವನ್ನೂ ಇದರೊಂದಿಗೆ ಬೆರೆಸಬಾರದು. 2004ರ ಅಕ್ಟೋಬರ್‌ನಲ್ಲಿ ವೀರಪ್ಪನ್ ಹತನಾದ ಮೇಲೆ ತಮಿಳುನಾಡು ಸರ್ಕಾರ ವಿಶೇಷ ಕಾರ್ಯಪಡೆಯವರಿಗೆ ತಲಾ 3 ಲಕ್ಷ ರೂಪಾಯಿ, ಮನೆ ನಿವೇಶನ, ಬಡ್ತಿ ಘೋಷಿಸಿತು. ಅದು ಸೇವೆಗೆ ಸಂದ ಗೌರವ. ‘ತನಿಖಾ ತಂಡಕ್ಕೆ ಬಹುಮಾನ’ ಎಂಬ ಸುದ್ದಿ ಓದಿ ತಮ್ಮ ಹಣ ಬೇರೆಯವರಿಗೆ ಹೋಯಿತೆಂದು ನೊಂದುಕೊಳ್ಳುವವರಿದ್ದಾರೆ. ಎರಡೂ ಬೇರೆ ಬೇರೆ ಲೆಕ್ಕದಿಂದ ಬರುತ್ತವೆ.

ಕಾನೂನಿನ ಬುನಾದಿ 1872ರ ಕರಾರು ಕಾಯ್ದೆಯ 8ನೇ ಕಲಂ. ಪ್ರಸ್ತಾವದ ಷರತ್ತನ್ನು ನೆರವೇರಿಸಿದರೆ ಅದೇ ಒಪ್ಪಿಗೆ ಎಂದು ಅದು ಹೇಳುತ್ತದೆ. ಆದರೆ ಪ್ರಸ್ತಾವ ಗೊತ್ತಿದ್ದು ನೆರವೇರಿಸಿರಬೇಕು. 1913ರಲ್ಲಿ ಅಲಹಾಬಾದ್ ಹೈಕೋರ್ಟ್ ತೀರ್ಮಾನಿಸಿದ ಲಾಲ್‌ಮನ್ ಶುಕ್ಲಾ ಪ್ರಕರಣದಲ್ಲಿ, ಕಾಣೆಯಾದ ಹುಡುಗನನ್ನು ಹುಡುಕಲು ಯಜಮಾನ ತನ್ನ ಗುಮಾಸ್ತನನ್ನು ಕಳಿಸಿದ್ದ. ಆತ ಹೊರಟ ಮೇಲೆ 501 ರೂಪಾಯಿ ಬಹುಮಾನದ ಕರಪತ್ರ ಹೊರಟಿತು. ಗುಮಾಸ್ತ ಹುಡುಗನನ್ನು ಪತ್ತೆ ಮಾಡಿದ. ಆದರೆ ಬಹುಮಾನದ ವಿಷಯ ತಿಳಿಯದೆ, ನೌಕರಿಯ ಹೊಣೆಯಾಗಿ ಹುಡುಕಿದ್ದರಿಂದ ಹಣ ದಕ್ಕಲಿಲ್ಲ. 1925ರಲ್ಲಿ ಅದೇ ನ್ಯಾಯಾಲಯದ ಹರ್‌ಭಜನ್ ಲಾಲ್ ಪ್ರಕರಣದಲ್ಲಿ ಕರಪತ್ರ ನೋಡಿದ್ದವನೊಬ್ಬ ಹುಡುಗನನ್ನು ಗುರುತಿಸಿ, ರೈಲ್ವೆ ಪೊಲೀಸರ ಬಳಿ ಕರೆದೊಯ್ದು ತಂದೆಗೆ ತಂತಿ ಕಳಿಸಿದ್ದ. ಅವನಿಗೆ 500 ರೂಪಾಯಿ ಸಂದಿತು. ಎರಡೂ ಕಾಣೆಯಾದ ಮಕ್ಕಳ ಪ್ರಕರಣಗಳೇ ಆದರೂ ಕೊಲೆ ಪ್ರಕರಣದ ಬಹುಮಾನಕ್ಕೂ ಇದೇ ಅಳತೆ.

ಇದರಿಂದ ಕಲಿಯಬೇಕಾದ್ದು ಸರಳ. ಸುಳಿವಿನ ಮೊದಲ ಸಾಲಿನಲ್ಲೇ ‘ಇಂಥ ದಿನಾಂಕದ ತಮ್ಮ ಬಹುಮಾನ ಪ್ರಕಟಣೆಯನ್ನು ನೋಡಿ ಈ ಮಾಹಿತಿ ನೀಡುತ್ತಿದ್ದೇನೆ’ ಎಂದು ಬರೆಯಿರಿ. ಹಣಕ್ಕಾಗಿ ಬರೆದಂತೆ ಕಾಣುತ್ತದೆಂದು ಸಂಕೋಚಪಟ್ಟು ಈ ಸಾಲನ್ನು ಬಿಡುವವರೇ ಹೆಚ್ಚು. ಸಂಕೋಚ ಬೇಡ. 1833ರ ವಿಲಿಯಮ್ಸ್ ವರ್ಸಸ್ ಕಾರ್ವರ್ಡೀನ್ ಎಂಬ ಇಂಗ್ಲೆಂಡಿನ ಕೊಲೆ ಪ್ರಕರಣದಲ್ಲಿ, ತಾನು ಸಾಯಲಿದ್ದೇನೆಂದು ಭಾವಿಸಿದ ಹೆಂಗಸೊಬ್ಬಳು ಮನಸ್ಸು ಹಗುರ ಮಾಡಿಕೊಳ್ಳಲೆಂದು ಸತ್ಯ ಹೇಳಿದಳು. ಪ್ರಕಟಣೆ ಅವಳಿಗೆ ಗೊತ್ತಿತ್ತು ಎಂಬ ಕಾರಣಕ್ಕೆ ನ್ಯಾಯಾಲಯ 20 ಪೌಂಡ್ ಕೊಡಿಸಿತು. ಹೇಳಿದ್ದರ ಹಿಂದಿನ ಉದ್ದೇಶ ಅಡ್ಡ ಬರಲಿಲ್ಲ. ಆಸ್ಟ್ರೇಲಿಯಾದಲ್ಲಿ 1927ರಲ್ಲಿ ಬಂದ ತೀರ್ಪು ಬೇರೆ ಥರದ್ದು. ಇಬ್ಬರು ಪೊಲೀಸರ ಕೊಲೆಗೆ 1000 ಪೌಂಡ್ ಬಹುಮಾನವಿತ್ತು. ಕ್ಲಾರ್ಕ್ ಎಂಬಾತ ತನ್ನ ಮೇಲೆ ಬಂದ ಆರೋಪದಿಂದ ಪಾರಾಗಲು ಮಾತ್ರ ಬಾಯಿಬಿಟ್ಟೆ, ಆ ಹೊತ್ತಿಗೆ ಬಹುಮಾನ ನೆನಪಿರಲಿಲ್ಲ ಎಂದು ತಾನೇ ಒಪ್ಪಿಕೊಂಡ. ಅವನಿಗೆ ಏನೂ ಸಿಗಲಿಲ್ಲ. ಈ ಎರಡು ತೀರ್ಪುಗಳಿಗೆ ನಮ್ಮ ನ್ಯಾಯಾಲಯಗಳು ಕಟ್ಟುಬಿದ್ದಿಲ್ಲ, ಆದರೂ ವಾದದಲ್ಲಿ ಎತ್ತಿ ತೋರಿಸಲು ಬರುತ್ತವೆ.

ಚೌಕಾಸಿಗೆ ಮಾತ್ರ ಇಳಿಯಬೇಡಿ. ಕೊಲೆಯಂಥ ಅಪರಾಧ ಗೊತ್ತಿದ್ದರೆ ತಿಳಿಸುವುದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 33ನೇ ಕಲಮಿನ ಪ್ರಕಾರ ಪ್ರತಿಯೊಬ್ಬರ ಕರ್ತವ್ಯ. ‘ಮೊದಲು ಹಣ ಇಡಿ, ಆಮೇಲೆ ಹೇಳುತ್ತೇನೆ’ ಎಂದವರು ತಾವೇ ತನಿಖೆಯ ಸುಳಿಗೆ ಸಿಕ್ಕಿಕೊಳ್ಳುತ್ತಾರೆ.

ಈಗ ಕಷ್ಟದ ಭಾಗ, ಹೆಸರು ಮರೆಮಾಡಿ ದಾಖಲೆ ಉಳಿಸಿಕೊಳ್ಳುವುದು. ಅಮೆರಿಕದಲ್ಲಿ ಇದಕ್ಕೆ ಒಳ್ಳೆಯ ಏರ್ಪಾಡಿದೆ. ನ್ಯೂ ಮೆಕ್ಸಿಕೊದ ಆಲ್ಬುಕರ್ಕಿಯಲ್ಲಿ ಯುವಕನೊಬ್ಬನ ಕೊಲೆ ಬಗೆಹರಿಯದೆ ಉಳಿದಾಗ, 1976ರಲ್ಲಿ ಗ್ರೆಗ್ ಮ್ಯಾಕ್‌ಅಲೀಸ್ ಎಂಬ ಪತ್ತೇದಾರಿ ಪೊಲೀಸ್ ಅಧಿಕಾರಿ ಘಟನೆಯನ್ನು ಟಿವಿಯಲ್ಲಿ ಮರುನಟನೆ ಮಾಡಿಸಿ ಸುಳಿವು ಕೇಳಿದರು. ಕ್ರೈಮ್ ಸ್ಟಾಪರ್ಸ್ ಹುಟ್ಟಿದ್ದು ಹಾಗೆ. ಅಲ್ಲಿ ಕರೆ ಮಾಡಿದವರ ಹೆಸರು ಕೇಳುವುದೇ ಇಲ್ಲ, ಒಂದು ಸಂಖ್ಯೆ ಕೊಡುತ್ತಾರೆ. ಬಂಧನವಾದ ಮೇಲೆ ನಾಗರಿಕರ ಮಂಡಳಿಯೊಂದು ಮೊತ್ತ ನಿರ್ಧರಿಸುತ್ತದೆ. ಕರೆ ಮಾಡಿದವರು ಆ ಸಂಖ್ಯೆ ಹೇಳಿ ನಗದು ಪಡೆಯುತ್ತಾರೆ. ಸಂಖ್ಯೆಯೇ ಗುರುತೂ ಹೌದು, ಪುರಾವೆಯೂ ಹೌದು. ನಮ್ಮ ಪ್ರಕಟಣೆಗಳಲ್ಲಿ ಸಾಮಾನ್ಯವಾಗಿ ಫೋನ್, ವಾಟ್ಸಾಪ್, ಇಮೇಲ್ ಮಾತ್ರ ಇರುತ್ತವೆ. ಗೌಪ್ಯತೆಯ ಭರವಸೆಯನ್ನು ಮನಸಾರೆ ಕೊಡುವ ಸರ್ಕಾರ ಇಷ್ಟು ಸರಳವಾದ ಸಂಖ್ಯೆಯ ಏರ್ಪಾಡನ್ನೂ ಮಾಡಬೇಕು ಎಂಬುದು ನಮ್ಮ ಗಟ್ಟಿ ಅಭಿಪ್ರಾಯ. ಅದು ಬರುವವರೆಗೆ ಅಂಥದ್ದನ್ನು ನಾವೇ ಕಟ್ಟಿಕೊಳ್ಳಬೇಕು.

ಹೇಗೆಂದರೆ, ಸುಳಿವನ್ನು ಎರಡು ಹಾಳೆಗಳಲ್ಲಿ ಬರೆಯಿಸುತ್ತೇವೆ. ಮೊದಲ ಹಾಳೆಯಲ್ಲಿ ಮಾಹಿತಿ ಮಾತ್ರ, ಕೆಳಗೆ ಹೆಸರಿನ ಬದಲು ಆರೋ ಎಂಟೋ ಅಂಕಿಯ ಸಂಖ್ಯೆ. ಜನ್ಮದಿನ, ಗಾಡಿ ನಂಬರು, ಫೋನಿನ ಕೊನೆಯ ಅಂಕಿಗಳನ್ನು ಹಾಕಬಾರದು. ಎರಡನೇ ಹಾಳೆಯಲ್ಲಿ ಅದೇ ಸಂಖ್ಯೆ, ಪಕ್ಕದಲ್ಲಿ ಪೂರ್ಣ ಹೆಸರು, ವಿಳಾಸ, ಸಹಿ, ದಿನಾಂಕ ಮತ್ತು ಸಮಯ. ಇದನ್ನು ಲಕೋಟೆಯಲ್ಲಿಟ್ಟು ಅಂಟಿನ ಮೇಲೆ ಅಡ್ಡಲಾಗಿ ಸಹಿ ಹಾಕಿಸಿ ವಕೀಲರು ತಮ್ಮಲ್ಲಿ ಇಟ್ಟುಕೊಳ್ಳುತ್ತಾರೆ. ಮೊದಲ ಹಾಳೆ ವಕೀಲರ ಪತ್ರದೊಂದಿಗೆ ತನಿಖಾಧಿಕಾರಿಗೆ ಹೋಗುತ್ತದೆ. ಈ ಹಂತದಲ್ಲಿ ವಕಾಲತ್ತು ಬೇಡ, ಅದರಲ್ಲಿ ಕಕ್ಷಿದಾರರ ಹೆಸರಿರುತ್ತದೆ. ಕಕ್ಷಿದಾರರು ವಕೀಲರಿಗೆ ಹೇಳಿದ್ದನ್ನು ಭಾರತೀಯ ಸಾಕ್ಷ್ಯ ಅಧಿನಿಯಮದ 132ನೇ ಕಲಂ ಕಾಪಾಡುತ್ತದೆ. ವಕೀಲರ ಶುಲ್ಕವನ್ನು ಮೊದಲೇ ಮಾತಾಡಿಕೊಳ್ಳಿ. ಬಂದ ಬಹುಮಾನದಲ್ಲಿ ಇಷ್ಟು ಪಾಲು ಎಂಬ ಒಪ್ಪಂದವನ್ನು ವಕೀಲರ ಪರಿಷತ್ತಿನ ನಿಯಮ ನಿಷೇಧಿಸಿದೆ. ಪಾಲು ಕೇಳುವ ಮಧ್ಯವರ್ತಿಗಳನ್ನಂತೂ ಹತ್ತಿರ ಸೇರಿಸಬೇಡಿ.

ಪತ್ರ ಕಳಿಸುವ ಬಗೆಯಲ್ಲೂ ಎಚ್ಚರ ಬೇಕು. ಕಚೇರಿಯ ಟಪ್ಪಾಲು ವಿಭಾಗದಲ್ಲಿ ಲಕೋಟೆ ಒಡೆದು ವಹಿಯಲ್ಲಿ ವಿಷಯ ಬರೆದುಕೊಳ್ಳುತ್ತಾರೆ. ಅಲ್ಲಿಂದ ಮೇಜು ಮೇಜು ದಾಟಿ ಮೇಲೆ ಹೋಗುತ್ತದೆ. ಅದಕ್ಕೇ ಎರಡು ಲಕೋಟೆ. ಹೊರಗಿನದರ ಮೇಲೆ ಅಧಿಕಾರಿಯ ಹುದ್ದೆ ಮತ್ತು ವಿಳಾಸ ಮಾತ್ರ. ಒಳಗಿನದರ ಮೇಲೆ ‘ಗೌಪ್ಯ, ಖುದ್ದಾಗಿ ತೆರೆಯತಕ್ಕದ್ದು’ ಎಂಬ ಬರಹ ಮತ್ತು ಅಪರಾಧ ಸಂಖ್ಯೆ, ಅಂದರೆ ಠಾಣೆಯಲ್ಲಿ ಆ ಪ್ರಕರಣಕ್ಕೆ ಕೊಟ್ಟ ನಂಬರು. ಕೈಯಾರೆ ಕೊಟ್ಟರೆ ನಕಲಿನ ಮೇಲೆ ಮೊಹರು, ಸಹಿ, ಸಮಯ ಸಹಿತ ಸ್ವೀಕೃತಿ ಪಡೆಯಬೇಕು. ಸಮಯವನ್ನು ಗಂಟೆ, ನಿಮಿಷ ಸಮೇತ ಬರೆಸಿ. ಬೆಳಿಗ್ಗೆ ಕೊಟ್ಟ ಸುಳಿವು, ಸಂಜೆ ಆದ ಬಂಧನ, ಎರಡಕ್ಕೂ ಒಂದೇ ದಿನಾಂಕ ಇದ್ದಾಗ ಯಾವುದು ಮೊದಲು ಎಂಬುದೇ ಇಡೀ ಕ್ಲೇಮಿನ ಜೀವ.

ಆರೋಪಿ ಇನ್ನೇನು ಜಾಗ ಖಾಲಿ ಮಾಡುತ್ತಾನೆ ಎನ್ನುವಂತಿದ್ದರೆ ಇಷ್ಟಕ್ಕೆಲ್ಲ ಪುರುಸೊತ್ತಿರುವುದಿಲ್ಲ. ಆಗ ಪ್ರಕಟಣೆಯಲ್ಲಿರುವ ನಂಬರಿಗೇ ಫೋನ್ ಮಾಡಿ, ಪ್ರಾಣಾಪಾಯ ಎದುರಿಗಿದ್ದರೆ 112ಕ್ಕೆ. ಕರೆ ಮುಗಿದ ಕೂಡಲೇ ಅದೇ ಮಾಹಿತಿಯನ್ನು ಪ್ರಕಟಣೆಯಲ್ಲಿರುವ ಇಮೇಲಿಗೆ, ‘ಈಗಷ್ಟೇ ಫೋನಿನಲ್ಲಿ ತಿಳಿಸಿದಂತೆ’ ಎಂದು ಆರಂಭಿಸಿ ಕಳಿಸಿ. ಆ ಫೋನನ್ನು ರೀಸೆಟ್ ಮಾಡಬೇಡಿ, ಮಾರಬೇಡಿ, ಸಂದೇಶ ಅಳಿಸಬೇಡಿ. ಮುಂದೆ ಇಮೇಲನ್ನು ಸಾಕ್ಷ್ಯವಾಗಿ ಹಾಜರುಪಡಿಸಲು ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರ ಬೇಕು. ಅದರಲ್ಲಿ ಕಡತದ ಹ್ಯಾಶ್ ಮೌಲ್ಯ, ಅಂದರೆ ಕಡತ ಬದಲಾಗಿಲ್ಲವೆಂದು ತೋರಿಸುವ ಡಿಜಿಟಲ್ ಗುರುತು, ನಮೂದಿಸಬೇಕಾಗುತ್ತದೆ. ಒಬ್ಬರಿಂದೊಬ್ಬರಿಗೆ ಫಾರ್ವರ್ಡ್ ಆದ ನಕಲಿನಿಂದ ಈ ಕೆಲಸ ಆಗುವುದಿಲ್ಲ.

ಸುಳಿವಿನಲ್ಲಿ ಏನಿರಬೇಕು? ಕಣ್ಣಾರೆ ಕಂಡದ್ದು, ಕಿವಿಯಾರೆ ಕೇಳಿದ್ದು, ಊಹೆ, ಮೂರನ್ನೂ ಬೇರೆ ಬೇರೆಯಾಗಿ ಬರೆಯಿರಿ. ಎಲ್ಲಿ, ಯಾವ ದಿನ, ಎಷ್ಟು ಹೊತ್ತಿಗೆ, ಎಷ್ಟು ದೂರದಿಂದ ಕಂಡಿರಿ, ಬೆಳಕು ಹೇಗಿತ್ತು. ಎತ್ತರವನ್ನು ಬಾಗಿಲ ಚೌಕಟ್ಟಿಗೋ ನಿಂತಿದ್ದ ಗಾಡಿಗೋ ಹೋಲಿಸಿ ಹೇಳಿ. ‘ಸುಮಾರು ಎತ್ತರ’ ಎಂಬುದರಿಂದ ಯಾರಿಗೂ ಉಪಯೋಗವಿಲ್ಲ. ನಡಿಗೆ, ಮಾತಿನ ಧಾಟಿ, ಗಾಯದ ಗುರುತು, ಗಾಡಿ ನಂಬರಿನಲ್ಲಿ ನೆನಪಿರುವಷ್ಟು ಅಂಕಿ, ಜೊತೆಗಿದ್ದವರು, ಊಟ ತಿಂಡಿಗೆ ಬರುವ ಹೊತ್ತು, ಆಯುಧ ಇರುವ ಸೂಚನೆ. ಇವೆಲ್ಲಕ್ಕಿಂತ ಮುಖ್ಯ, ಇದು ಎಷ್ಟು ಹೊತ್ತಿನವರೆಗೆ ನಿಜವಾಗಿರಬಹುದು ಎಂಬುದು. ‘ನಾಳೆ ಬೆಳಿಗ್ಗೆ ರೂಮ್ ಬಿಡುತ್ತಾನಂತೆ’ ಎಂಬ ಒಂದು ಮಾತಿನಿಂದ ತಂಡ ರಾತ್ರಿಯೇ ಹೊರಡುತ್ತದೆ. ಖಚಿತಪಡಿಸಿಕೊಳ್ಳಲೆಂದು ಹಿಂಬಾಲಿಸುವುದು, ಹತ್ತಿರ ಹೋಗಿ ಫೋಟೊ ತೆಗೆಯುವುದು, ಮಾತಿಗೆಳೆಯುವುದು ಬೇಡವೇ ಬೇಡ. ಆರೋಪಿಗೆ ಅನುಮಾನ ಬಂದರೆ ಅವನು ಪರಾರಿ, ನಿಮ್ಮ ಜೀವಕ್ಕೂ ಅಪಾಯ. ಊರಿನ ವಾಟ್ಸಾಪ್ ಗುಂಪಿಗೋ ಟಿವಿ ವರದಿಗಾರರಿಗೋ ಮೊದಲು ಹೇಳಿದರೆ ಗುಟ್ಟೂ ಹೋಯಿತು, ‘ಈ ವಿಷಯ ಎಲ್ಲರಿಗೂ ಗೊತ್ತಿತ್ತು’ ಎಂಬ ಆಕ್ಷೇಪಕ್ಕೆ ದಾರಿಯೂ ಆಯಿತು. ವೈರಿಯನ್ನು ಸಿಕ್ಕಿಸಲೆಂದು ಸುಳ್ಳು ಹೇಳಿದವರಿಗೆ ಭಾರತೀಯ ನ್ಯಾಯ ಸಂಹಿತೆಯ 217ನೇ ಕಲಮಿನಲ್ಲಿ ಒಂದು ವರ್ಷದವರೆಗೆ ಜೈಲಿದೆ. ಪ್ರಾಮಾಣಿಕವಾಗಿ ತಪ್ಪು ಗುರುತಿಸಿದವರು ಇದಕ್ಕೆ ಹೆದರಬೇಕಿಲ್ಲ.

ಯಾರಿಗೆ ಹೇಳಿದಿರಿ ಎಂಬುದೂ ಅಷ್ಟೇ ಮುಖ್ಯ. ಪರಿಚಯದ ಪೊಲೀಸ್ ಪೇದೆಗೆ ಚಹಾದಂಗಡಿಯಲ್ಲಿ ಹೇಳಿ ಬಂದರೆ ಅದು ಕಡತದಲ್ಲಿ ‘ನಂಬಲರ್ಹ ಬಾತ್ಮೀದಾರರಿಂದ ಬಂದ ಮಾಹಿತಿ ಮೇರೆಗೆ’ ಎಂಬ ಸಾಲಾಗಿ ಕೂರುತ್ತದೆ. ಆ ಬಾತ್ಮೀದಾರ ನೀವೇ ಎಂದು ತೋರಿಸಲು ಆಮೇಲೆ ಏನೂ ಉಳಿದಿರುವುದಿಲ್ಲ. ತನಿಖಾಧಿಕಾರಿಗೆ ಅಥವಾ ಅವರ ಮೇಲಿನವರಿಗೆ ತಲುಪಿಸಿ.

ಅಧಿಕಾರಿ ಖುದ್ದಾಗಿ ಮಾತಾಡಬೇಕೆಂದರೆ ಹೋಗಿ, ಆದರೆ ಒಂದನ್ನು ಮೊದಲೇ ಸ್ಪಷ್ಟಪಡಿಸಿಕೊಳ್ಳಿ. ಸುಳಿವು ಕೊಡುವವರಾಗಿ ಮಾತಾಡುತ್ತಿದ್ದೀರೋ, ಸಾಕ್ಷಿಯಾಗಿಯೋ? ಸುಳಿವು ಎಲ್ಲಿಂದ ಬಂತೆಂದು ಹೇಳುವಂತೆ ಪೊಲೀಸ್ ಅಧಿಕಾರಿಯನ್ನು ಬಲವಂತ ಮಾಡುವಂತಿಲ್ಲ ಎಂದು ಸಾಕ್ಷ್ಯ ಅಧಿನಿಯಮದ 131ನೇ ಕಲಂ ಹೇಳುತ್ತದೆ. ಹಳೆಯ ಕಾಯ್ದೆಯಲ್ಲಿ ಇದು 125 ಆಗಿತ್ತು. ಆದರೆ ನಾಗರಿಕ ಸುರಕ್ಷಾ ಸಂಹಿತೆಯ 180ನೇ ಕಲಮಿನಡಿ ನಿಮ್ಮ ಹೇಳಿಕೆ ದಾಖಲಾಗಿ, ನೀವು ಸಾಕ್ಷಿಪಟ್ಟಿ ಸೇರಿದರೆ ಚಾರ್ಜ್‌ಶೀಟಿನ ಜೊತೆ ಅದರ ಪ್ರತಿ ಆರೋಪಿಯ ಕೈಗೆ ಹೋಗುತ್ತದೆ. ಅಲ್ಲಿಗೆ ಗೌಪ್ಯತೆ ಮುಗಿಯಿತು. ಪಾಟಿ ಸವಾಲಿನಲ್ಲಿ ಆರೋಪಿಪರ ವಕೀಲರು ಮೊದಲು ಕೇಳುವುದೇ ‘ಹಣಕ್ಕಾಗಿ ಸಾಕ್ಷಿ ಹೇಳುತ್ತಿದ್ದೀರಿ ಅಲ್ಲವೇ?’ ಎಂದು. ಕೊಲೆಯನ್ನು ಕಣ್ಣಾರೆ ಕಂಡವರು ಸಾಕ್ಷಿಯಾಗದೆ ನ್ಯಾಯ ಸಿಗುವುದಿಲ್ಲ, ಅವರು ಮುಂದೆ ಬರಲೇಬೇಕು. ಆದರೆ ಆರೋಪಿ ಅಡಗಿದ್ದ ಜಾಗವನ್ನಷ್ಟೇ ಬಲ್ಲವರನ್ನು ಸಾಕ್ಷಿ ಮಾಡುವ ಅಗತ್ಯ ಸಾಮಾನ್ಯವಾಗಿ ಇರುವುದಿಲ್ಲ. ಇದನ್ನು ತನಿಖಾಧಿಕಾರಿಗೆ ವಿನಯದಿಂದ, ಬರವಣಿಗೆಯಲ್ಲಿ ಹೇಳಿ.

ಬಂಧನದ ಸುದ್ದಿ ಬಂದ ಮೇಲೆ ಕ್ಲೇಮ್ ಪತ್ರ ಕೊಡಲು ತಡಮಾಡಬಾರದು. ಒಂದೂವರೆ ಪುಟ ಸಾಕು. ಪ್ರಕಟಣೆಯ ದಿನಾಂಕ ಮತ್ತು ಆದೇಶ ಸಂಖ್ಯೆ, ಅಪರಾಧ ಸಂಖ್ಯೆ, ಸುಳಿವು ತಲುಪಿದ ದಿನ ಮತ್ತು ಸಮಯ, ಗುರುತಿನ ಸಂಖ್ಯೆ, ಸುಳಿವಿನಲ್ಲಿ ಹೇಳಿದ್ದಕ್ಕೂ ಬಂಧನದ ಸ್ಥಳ, ಸಮಯಕ್ಕೂ ಇರುವ ಹೊಂದಾಣಿಕೆ. ನಿಮ್ಮ ಸುಳಿವಿನಲ್ಲಿ ಲಾಡ್ಜಿನ ಹೆಸರಿದ್ದು, ಬಂಧನ ಅದೇ ಲಾಡ್ಜಿನಲ್ಲಿ ಆಗಿದ್ದರೆ ಕೆಲಸ ಸಲೀಸು. ಊರಿನ ಹೆಸರು ಮಾತ್ರ ಇದ್ದರೆ, ಮೊಬೈಲ್ ಟವರ್ ವಿವರದಿಂದಲೇ ನಮಗೆ ಆ ಊರು ಗೊತ್ತಿತ್ತು ಎಂಬ ಉತ್ತರ ಬರಬಹುದು. ಅದು ನಿಜವೂ ಇರಬಹುದು. ತನಿಖೆಯಲ್ಲಿ ಹಲವು ಎಳೆಗಳು ಒಟ್ಟಿಗೆ ಸೇರುತ್ತವೆ. ಹಲವರು ಸುಳಿವು ಕೊಟ್ಟಿದ್ದರೆ ಮೊತ್ತ ಹಂಚಿಹೋಗುತ್ತದೆ.

ಆಮೇಲೆ ಕಡತದ ಪಯಣ. ತನಿಖಾಧಿಕಾರಿ ವರದಿ ಬರೆಯಬೇಕು, ಮೇಲಧಿಕಾರಿಗಳು ಶಿಫಾರಸು ಮಾಡಬೇಕು. ರಾಜ್ಯ ಸರ್ಕಾರದ ಪ್ರಕಟಣೆಯಾದರೆ ಒಳಾಡಳಿತ ಇಲಾಖೆಯ ಮಂಜೂರಾತಿ ಬೇಕು. ಕಡತ ಹೆಚ್ಚಾಗಿ ನಿಲ್ಲುವುದು ಮೊದಲ ಮೆಟ್ಟಿಲಲ್ಲೇ, ತನಿಖಾಧಿಕಾರಿ ವರ್ಗವಾದಾಗ. ಸುಳಿವು ಬಂದದ್ದನ್ನು ಬಲ್ಲ ಒಬ್ಬರೇ ಒಬ್ಬರು ಬೇರೆ ಜಿಲ್ಲೆಗೆ ಹೋಗಿರುತ್ತಾರೆ, ಹೊಸಬರು ‘ಕಡತದಲ್ಲಿ ಇಲ್ಲ’ ಎನ್ನುತ್ತಾರೆ. ಆ ಹೊತ್ತಿಗೆ ಕೈಹಿಡಿಯುವುದು ಸ್ವೀಕೃತಿಯ ಮೊಹರು. ವರ್ಗಾವಣೆಯ ಸುದ್ದಿ ಕಿವಿಗೆ ಬಿದ್ದೊಡನೆ, ಹೋಗುವ ಮುನ್ನ ವರದಿ ಕಳಿಸಿಬಿಡಿ ಎಂದು ವಕೀಲರ ಮೂಲಕ ಕೇಳಿಕೊಳ್ಳುವುದು ಒಳ್ಳೆಯದು.

ಪಾವತಿಯ ಹಂತದಲ್ಲಿ ಎರಡನೇ ಲಕೋಟೆ ತೆರೆಯಬೇಕಾಗುತ್ತದೆ. ಯಾರ ಎದುರು, ಎಷ್ಟು ಜನರ ಎದುರು ಎಂದು ಮೊದಲೇ ಪತ್ರದಲ್ಲಿ ಗೊತ್ತುಮಾಡಿಕೊಳ್ಳಿ. ಸಭೆ, ಹಾರ, ಫೋಟೊ ಬೇಡವೆಂದು ಬರೆದು ಕೊಡಿ. ಮೆಚ್ಚುಗೆಯ ಮನಸ್ಸಿನಿಂದಲೇ ವೇದಿಕೆಗೆ ಕರೆದವರಿಂದಲೂ ಗುಟ್ಟು ಬಯಲಾಗುತ್ತದೆ. ಆದಾಯ ತೆರಿಗೆಯ ಬಗ್ಗೆ ಆಡಿಟರನ್ನು ಕೇಳಿ. ಸರ್ಕಾರದ ಬಹುಮಾನವೆಂದ ಮಾತ್ರಕ್ಕೆ ವಿನಾಯಿತಿ ಸಿಗುವುದಿಲ್ಲ, ಆ ಉದ್ದೇಶಕ್ಕೆ ಕೇಂದ್ರ ಸರ್ಕಾರದ ಅನುಮೋದನೆ ಇರಬೇಕು.

ಹಣ ನಿರಾಕರಿಸಿದರೆ ಕಾರಣ ಸಹಿತ ಹಿಂಬರಹ, ಅಂದರೆ ಕಚೇರಿಯ ಲಿಖಿತ ಉತ್ತರ, ಕೇಳಿ ಪಡೆಯಿರಿ. ಹಿಂಬರಹವಿಲ್ಲದೆ ಮುಂದಿನ ಹೆಜ್ಜೆಗೆ ಬಲವಿಲ್ಲ. ಮಾಹಿತಿ ಹಕ್ಕಿನ ಅರ್ಜಿಯಿಂದ ಬಹುಮಾನ ಆದೇಶದ ಪ್ರತಿ ಸಿಗಬಹುದು. ಬೇರೆ ಬಾತ್ಮೀದಾರರ ಗುರುತು ಸಿಗುವುದಿಲ್ಲ, 8(1)(ಜಿ) ಕಲಂ ಅದನ್ನು ತಡೆಯುತ್ತದೆ. ಸಿಗದಿರುವುದೇ ಸರಿ, ಅದೇ ಕಲಂ ನಿಮ್ಮನ್ನೂ ಕಾಯುತ್ತಿದೆ. ಸರ್ಕಾರದ ವಿರುದ್ಧ ದಾವೆಗೆ ಮೊದಲು ಸಿವಿಲ್ ಪ್ರಕ್ರಿಯಾ ಸಂಹಿತೆಯ 80ನೇ ಕಲಮಿನ ಎರಡು ತಿಂಗಳ ನೋಟಿಸು ಕೊಡಬೇಕು. ದಾವೆಯ ಕಾಲಮಿತಿ ಮೂರು ವರ್ಷ. ಖಾಸಗಿ ಬಹುಮಾನಕ್ಕೂ ಅಷ್ಟೇ ಕಾಲಮಿತಿ, ನೋಟಿಸು ಮಾತ್ರ ಕಡ್ಡಾಯವಲ್ಲ. ಪ್ರಕಟಣೆ ಸ್ಪಷ್ಟವಿದ್ದು, ಸುಳಿವು ತಲುಪಿದ್ದರ ಬಗ್ಗೆ ತಕರಾರಿಲ್ಲದೆ ಕಡತ ಸುಮ್ಮನೆ ಕೂತಿದ್ದರೆ ಸಂವಿಧಾನದ 226ನೇ ವಿಧಿಯಡಿ ಹೈಕೋರ್ಟಿನಲ್ಲಿ ರಿಟ್ ಅರ್ಜಿ, ಅಂದರೆ ಸರ್ಕಾರಕ್ಕೆ ನಿರ್ದೇಶನ ಕೊಡಿ ಎಂಬ ಅರ್ಜಿ, ಹಾಕಬಹುದು. ಕರ್ನಾಟಕದಲ್ಲಿ ಇದಕ್ಕೆ ಬೆಂಗಳೂರು, ಧಾರವಾಡ, ಕಲಬುರಗಿ ಪೀಠಗಳಿವೆ. ಅರ್ಜಿಯಲ್ಲಿ ಹೆಸರು ಮರೆಮಾಡಲು, ಗುರುತನ್ನು ಮೊಹರು ಮಾಡಿದ ಲಕೋಟೆಯಲ್ಲಿ ಸಲ್ಲಿಸಲು ಮೊದಲೇ ಅನುಮತಿ ಕೇಳಬೇಕು. ಒಮ್ಮೆ ಹೆಸರು ಪ್ರಕರಣಗಳ ದೈನಂದಿನ ಪಟ್ಟಿಯಲ್ಲಿ ಬಂದುಬಿಟ್ಟರೆ ಅದನ್ನು ಹಿಂದಕ್ಕೆ ಪಡೆಯಲಾಗುವುದಿಲ್ಲ.

ಬೆದರಿಕೆ ಬಂದರೆ ಬಹುಮಾನದ ಕಡತವನ್ನು ಬದಿಗಿಟ್ಟು ಮೊದಲು ರಕ್ಷಣೆ ಕೇಳಿ. 2018ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಅಂಗೀಕರಿಸಿದ ಸಾಕ್ಷಿ ರಕ್ಷಣಾ ಯೋಜನೆಯಲ್ಲಿ ಸಾಕ್ಷಿ ಎಂದರೆ ಅಪರಾಧದ ಬಗ್ಗೆ ಮಾಹಿತಿ ಉಳ್ಳ ಯಾವುದೇ ವ್ಯಕ್ತಿ. ಆದ್ದರಿಂದ ಕಟಕಟೆ ಹತ್ತದವರೂ ಅರ್ಜಿ ಹಾಕಬಹುದು. ಅರ್ಜಿ ಹೋಗುವುದು ಜಿಲ್ಲಾ ಮತ್ತು ಸೆಷನ್ಸ್ ನ್ಯಾಯಾಧೀಶರು ಮುಖ್ಯಸ್ಥರಾಗಿರುವ ಸಮಿತಿಗೆ, ಅದರ ಸದಸ್ಯ ಕಾರ್ಯದರ್ಶಿಯ ಮೂಲಕ. ಡಿವೈಎಸ್‌ಪಿ ಅಥವಾ ಎಸಿಪಿ ಮಟ್ಟದ ಅಧಿಕಾರಿ ಐದು ಕೆಲಸದ ದಿನಗಳಲ್ಲಿ ಬೆದರಿಕೆ ವಿಶ್ಲೇಷಣಾ ವರದಿ ಕೊಡಬೇಕು. ಬೆದರಿಕೆ ಕರೆ ಬಂದ ನಂಬರು, ಸಮಯ, ಮನೆ ಸುತ್ತ ಸುಳಿದ ಗಾಡಿಗಳ ವಿವರ, ಯಾರು ಯಾವ ಮಾತು ಆಡಿದರು ಎಂಬುದನ್ನು ಆಡಿದ ಮಾತಿನಲ್ಲೇ ಬರೆದಿಟ್ಟುಕೊಳ್ಳಿ. ವರದಿ ನಿಲ್ಲುವುದು ಇದರ ಮೇಲೆ. ಮನೆಯಲ್ಲಿ ಸಿಸಿಟಿವಿ, ಬೀದಿಯಲ್ಲಿ ಗಸ್ತು, ಫೋನ್ ನಂಬರು ಬದಲಾವಣೆ, ತಾತ್ಕಾಲಿಕವಾಗಿ ಬೇರೆ ಕಡೆ ವಾಸ, ಇವುಗಳಲ್ಲಿ ಯಾವುದು ಬೇಕೆಂದು ಅರ್ಜಿಯಲ್ಲೇ ಹೆಸರಿಸಿ ಕೇಳಿ. ಹಣ ಕೈಗೆ ಬಂದ ಮೇಲೂ ಮೇಲ್ಮನವಿ ಮುಗಿಯುವವರೆಗೆ ಸ್ವೀಕೃತಿಗಳು, ಪತ್ರಗಳ ನಕಲು, ಆ ಹಳೆಯ ಫೋನು ಎಲ್ಲವನ್ನೂ ಮನೆಯಲ್ಲಿ ಇಟ್ಟುಕೊಳ್ಳದೆ ವಕೀಲರ ಬಳಿಯೇ ಇಡಿ.